ನಾಯಿಯ ಕೆಮ್ಮಿಗೆ ಲಸಿಕೆ: ಯಾರ ಮನೆಯ ನಾಯಿಗೆ, ಯಾವಾಗ?

(ದಾವಣಗೆರೆಯಲ್ಲಿ ನಾಯಿ ಸಾಕುವವರ ಮುಂದೆ ಪಶುವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ)

ಈ ಮಾತುಕತೆಗೆ "ನಾಯಿಕೆಮ್ಮಿನ ಲಸಿಕೆ" ಅಂತ ಹೆಸರಿಡೋಣ ಎಂದು ಮೊದಲು ಯೋಚನೆಯಿತ್ತು. ನಾನೇ ಬೇಡ ಅಂದೆ. ಕಾರಣ ಇಲ್ಲಿ ಕೂತಿರುವ ಹಿರಿಯರಿಗೆ ಗೊತ್ತಿದೆ. ನಮ್ಮಲ್ಲಿ ನಾಯಿಕೆಮ್ಮು ಅಂದರೆ ಮಕ್ಕಳಿಗೆ ಬರುವ ಕಾಯಿಲೆ. ಮಗು ಉಸಿರು ತಗೊಳ್ಳೋಕೂ ಬಿಡುವಿಲ್ಲದೆ ಕೆಮ್ಮಿ ಕೆಮ್ಮಿ, ಮುಖ ಕೆಂಪಗಾಗಿ, ಕೊನೆಗೆ ಒಂದು ವಿಚಿತ್ರ ಸದ್ದು ಮಾಡಿ ಉಸಿರೆಳೆದು ವಾಂತಿ ಮಾಡಿಕೊಳ್ಳುತ್ತಿತ್ತು. ಡಿಪಿಟಿ ಚುಚ್ಚುಮದ್ದು ಬಂದ ಮೇಲೆ ಅದನ್ನು ಕಣ್ಣಾರೆ ಕಂಡವರು ಕಡಿಮೆಯಾದರು. ಡಿಪಿಟಿಯಲ್ಲಿ ನಡುವಿನ 'ಪಿ' ಅಂದರೆ ಪರ್ಟುಸಿಸ್, ಅಂದರೆ ಇದೇ ನಾಯಿಕೆಮ್ಮು.

ಹೆಸರಿಟ್ಟವರು ಸದ್ದು ಕೇಳಿ ಇಟ್ಟಿರಬೇಕು. ಆದರೆ ಆ ಹೆಸರಿನಲ್ಲಿ ಅವರಿಗೇ ಗೊತ್ತಿಲ್ಲದ ಒಂದು ಸತ್ಯ ಸೇರಿಕೊಂಡಿದೆ. ಮಕ್ಕಳ ನಾಯಿಕೆಮ್ಮಿನ ಬ್ಯಾಕ್ಟೀರಿಯಾವನ್ನು 1906ರಲ್ಲಿ ಬೇರ್ಪಡಿಸಿ ತೋರಿಸಿದವರು ಬೆಲ್ಜಿಯಂನ ಜೂಲ್ಸ್ ಬೋರ್ಡೆ ಮತ್ತು ಒಕ್ಟಾವ್ ಜಾಂಗು. ಬೋರ್ಡೆಯವರಿಗೆ 1919ರ ನೊಬೆಲ್ ಪ್ರಶಸ್ತಿ ಬಂತು. ಅವರ ಹೆಸರಿನಿಂದಲೇ ಆ ಕುಲಕ್ಕೆ ಬಾರ್ಡಟೆಲ್ಲಾ ಎಂಬ ಹೆಸರು. ನಮ್ಮ ನಾಯಿಗಳಿಗೆ ಕೆನಲ್ ಕಾಫ್, ಅಂದರೆ ನಾಯಿಯಿಂದ ನಾಯಿಗೆ ಹರಡುವ ಕೆಮ್ಮು, ತರುವ ಮುಖ್ಯ ಬ್ಯಾಕ್ಟೀರಿಯಾ ಇದೆಯಲ್ಲ, ಬಾರ್ಡಟೆಲ್ಲಾ ಬ್ರಾಂಕಿಸೆಪ್ಟಿಕಾ, ಅದು ಅದೇ ಕುಲದ್ದು. ಮಕ್ಕಳ ಬ್ಯಾಕ್ಟೀರಿಯಾಕ್ಕೆ ದಾಯಾದಿ ಅನ್ನಿ. ಹೆದರಬೇಡಿ, ಮಗುವಿನ ನಾಯಿಕೆಮ್ಮು ನಾಯಿಯಿಂದ ಬರುವುದಿಲ್ಲ. ಅದು ಮನುಷ್ಯರಿಂದ ಮನುಷ್ಯರಿಗೇ ಹರಡುವುದು.

ಇವತ್ತು ನಾನು ಮಾತಾಡುವುದು ನಾಯಿಗಳ ಕೆನಲ್ ಕಾಫ್ ಬಗ್ಗೆ. ಆಡುಮಾತಿನಲ್ಲಿ ಎಲ್ಲರೂ ಹಾಗೇ ಅನ್ನುವುದರಿಂದ ನಾನೂ ಅದನ್ನೇ ಬಳಸುತ್ತೇನೆ.

ರಾತ್ರಿ ಹತ್ತು ಗಂಟೆ ಮೇಲೆ ನನಗೆ ಬರುವ ಫೋನುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: "ಡಾಕ್ಟ್ರೇ, ನಾಯಿ ಗಂಟಲಲ್ಲಿ ಮೂಳೆ ಸಿಕ್ಕಾಕ್ಕೊಂಡೈತ್ರಿ." ನಾನು ಕೇಳುತ್ತೇನೆ, ಊಟ ಮಾಡ್ತಾ? ಮಾಡ್ತು ಅಂತಾರೆ. ಬಾಲ ಆಡಿಸ್ತಾ? ಆಡಿಸ್ತು. ಹೋದ ವಾರ ಎಲ್ಲಾದರೂ ಬಿಟ್ಟಿದ್ರಾ? ಆಗ ಒಂದು ಕ್ಷಣ ಸುಮ್ಮನಾಗಿ, "ಹೌದ್ರಿ, ಮದುವೆಗೆ ಹೋಗಿದ್ವಿ, ಬೋರ್ಡಿಂಗ್‌ನಲ್ಲಿ ಬಿಟ್ಟಿದ್ವಿ" ಅಂತಾರೆ. ಬೋರ್ಡಿಂಗ್ ಅಂದರೆ ಊರಿಗೆ ಹೋಗುವಾಗ ನಾಯಿಯನ್ನು ಬಿಟ್ಟುಹೋಗುವ ಜಾಗ. ಅಲ್ಲಿಗೆ ಮುಕ್ಕಾಲು ಪಾಲು ಗೊತ್ತಾದ ಹಾಗೆ. ಒಣ ಕೆಮ್ಮು, ಬಾತುಕೋಳಿ ಕೂಗಿದಂಥ ಸದ್ದು, ಕೊನೆಯಲ್ಲಿ ಓಕರಿಸಿ ಒಂದಿಷ್ಟು ಬಿಳಿ ನೊರೆ. ಕೊರಳಪಟ್ಟಿ ಎಳೆದರೆ ಕೆಮ್ಮು ಇನ್ನೂ ಜೋರಾಗುತ್ತದೆ.

ಒಳಗೆ ಆಗುವುದೇನು? ಶ್ವಾಸನಾಳದ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದ ಸಣ್ಣ ರೋಮಗಳಿವೆ. ಗಾಳಿ ಬೀಸಿದಾಗ ಭತ್ತದ ಪೈರು ಒಂದೇ ಕಡೆ ಬಾಗಿ ಏಳುತ್ತದಲ್ಲ, ಹಾಗೆ ಅವು ಸದಾ ಆಡುತ್ತಾ ದೂಳು, ಕಫ ಎಲ್ಲವನ್ನೂ ಮೇಲಕ್ಕೆ ತಳ್ಳುತ್ತಿರುತ್ತವೆ. ಬಾರ್ಡಟೆಲ್ಲಾ ನೇರವಾಗಿ ಹೋಗಿ ಈ ರೋಮಗಳಿಗೇ ಅಂಟಿಕೊಂಡು ಅವುಗಳ ಆಟ ನಿಲ್ಲಿಸುತ್ತದೆ. ಕಸ ಗುಡಿಸುವವರೇ ಕೈಕಟ್ಟಿ ಕೂತರೆ ಕಸ ಅಲ್ಲೇ ಉಳಿಯುತ್ತದೆ, ನಾಯಿ ಕೆಮ್ಮಿ ಕೆಮ್ಮಿ ಹೊರಹಾಕಲು ನೋಡುತ್ತದೆ. ಈ ಕೆಲಸ ಬಾರ್ಡಟೆಲ್ಲಾ ಒಂದೇ ಮಾಡುವುದೂ ಅಲ್ಲ. ಪ್ಯಾರಾಇನ್‌ಫ್ಲುಯೆಂಜಾ ವೈರಸ್, ಅಡಿನೋವೈರಸ್ ಎರಡನೆಯ ಬಗೆ, ಮೈಕೊಪ್ಲಾಸ್ಮಾ, ನಾಯಿಗಳದೇ ಒಂದು ಕೊರೊನಾ ವೈರಸ್ ಎಲ್ಲ ಇದರಲ್ಲಿ ಸೇರಿಕೊಳ್ಳುತ್ತವೆ. ಒಂದು ದಾರಿ ಮಾಡಿಕೊಟ್ಟರೆ ಇನ್ನೊಂದು ನುಗ್ಗುತ್ತದೆ. ಕೆನಲ್ ಕಾಫ್ ಅನ್ನುವುದು ಒಂದು ರೋಗಾಣುವಿನ ಹೆಸರಲ್ಲ, ಹೀಗೆ ಗುಂಪುಗೂಡಿ ಬರುವ ಕಾಯಿಲೆಯ ಹೆಸರು ಎಂಬುದು ನೆನಪಿರಲಿ. ಲಸಿಕೆಯ ವಿಚಾರಕ್ಕೆ ಬಂದಾಗ ಇದು ಬೇಕಾಗುತ್ತದೆ.

ಗಟ್ಟಿಮುಟ್ಟಾದ ದೊಡ್ಡ ನಾಯಿಗೆ ಇದು ಒಂದರಿಂದ ಮೂರು ವಾರದ ಕಷ್ಟ. ಬಹಳಷ್ಟು ನಾಯಿಗಳು ಆ್ಯಂಟಿಬಯಾಟಿಕ್ ಇಲ್ಲದೆಯೇ ಸುಧಾರಿಸಿಕೊಳ್ಳುತ್ತವೆ. ಎರಡು ತಿಂಗಳ ಮರಿಗೆ, ಹನ್ನೆರಡು ವರ್ಷದ ಮುದಿ ನಾಯಿಗೆ, ಮೊದಲೇ ಉಸಿರಾಟ ಕಷ್ಟವಿರುವ ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗೆ ಮಾತ್ರ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಇಲ್ಲಿ ಒಂದು ನಿಮಿಷ ವಿಷಯ ಬಿಟ್ಟು ಹೋಗುತ್ತೇನೆ. ಎಲ್ಲ ಕೆಮ್ಮೂ ಕೆನಲ್ ಕಾಫ್ ಅಲ್ಲ. ಮಂಡಕ್ಕಿ ಭಟ್ಟಿಗಳ ಅಕ್ಕಪಕ್ಕದ ಮನೆಗಳಿಂದ ವರ್ಷವಿಡೀ ಕೆಮ್ಮುವ ನಾಯಿಗಳು ನನ್ನ ಹತ್ತಿರ ಬರುತ್ತವೆ. ಅದು ಹೊಗೆಯ ಕೆಮ್ಮು. ಆ ಮನೆಯ ಅಜ್ಜನಿಗೂ ಅದೇ ಕೆಮ್ಮು ಇರುತ್ತದೆ. ವಯಸ್ಸಾದ ಪೊಮೇರಿಯನ್ ರಾತ್ರಿ ಮಲಗಿದಾಗ ಕೆಮ್ಮಿದರೆ ಹೃದಯ ನೋಡಿಸಬೇಕು. ಇವಕ್ಕೆ ಯಾವ ಲಸಿಕೆಯೂ ಉತ್ತರವಲ್ಲ. ಎಲ್ಲಕ್ಕಿಂತ ಮುಖ್ಯ: ಕೆಮ್ಮಿನ ಜೊತೆ ಜ್ವರ, ಕಣ್ಣಲ್ಲಿ ಪಿಸುರು, ಮೂಗಲ್ಲಿ ಗಟ್ಟಿ ಸಿಂಬಳ, ಭೇದಿ, ಊಟ ಬಿಡುವುದು, ಮುಖ ಅದುರುವುದು ಇದ್ದರೆ ಅದು ಡಿಸ್ಟೆಂಪರ್ ಎಂಬ ಪ್ರಾಣಾಪಾಯದ ಕಾಯಿಲೆ ಇರಬಹುದು. ಅವತ್ತೇ ಆಸ್ಪತ್ರೆಗೆ ಬನ್ನಿ. ಹಿಂದೆ ವಿಜ್ಞಾನಿಗಳೇ ಇವೆರಡನ್ನು ಬೆರೆಸಿಕೊಂಡಿದ್ದರು. 1910ರ ಸುಮಾರಿಗೆ ಡಿಸ್ಟೆಂಪರ್ ಆದ ನಾಯಿಗಳಲ್ಲಿ ಬಾರ್ಡಟೆಲ್ಲಾ ಸಿಕ್ಕಾಗ ಆ ರೋಗಕ್ಕೆ ಇದೇ ಕಾರಣ ಎಂದು ತಿಳಿದಿದ್ದರು. ಡಿಸ್ಟೆಂಪರ್ ವೈರಸ್ಸಿನಿಂದ ಬರುವುದು, ಬಾರ್ಡಟೆಲ್ಲಾ ಅದರ ಬೆನ್ನು ಹಿಡಿದು ಬಂದದ್ದು ಎಂದು ಎಲ್ಲರೂ ಒಪ್ಪಲು ವರ್ಷಗಳು ಹಿಡಿದವು.

ಈಗ ಲಸಿಕೆಗೆ ಬರೋಣ. ನಿಮ್ಮಲ್ಲಿ ಲಸಿಕೆ ಕಾರ್ಡ್ ತಂದವರು ಅದನ್ನು ತೆಗೆಯಿರಿ. ಸೀಸೆಯ ಮೇಲಿನ ಚೀಟಿ ಕಿತ್ತು ಅಂಟಿಸಿರುತ್ತಾರೆ, ಅದನ್ನು ನೋಡಿ. ನೀವು 'ಸೆವೆನ್ ಇನ್ ಒನ್', 'ನೈನ್ ಇನ್ ಒನ್' ಅನ್ನುವ ವರ್ಷದ ಇಂಜೆಕ್ಷನ್ ಅದೇ. ಅದರ ಮೇಲಿನ ಅಕ್ಷರಗಳಲ್ಲಿ ಡಿ ಅಂದರೆ ಡಿಸ್ಟೆಂಪರ್, ಎಚ್ ಅಂದರೆ ಹೆಪಟೈಟಿಸ್ ಎಂಬ ಯಕೃತ್ತಿನ ಕಾಯಿಲೆ, ಪಿ ಅಂದರೆ ಪಾರ್ವೊ ಎಂಬ ವಾಂತಿ ಭೇದಿಯ ಕಾಯಿಲೆ. ಪಿಐ ಅಂತಿದ್ದರೆ ಪ್ಯಾರಾಇನ್‌ಫ್ಲುಯೆಂಜಾ, ಎಲ್ ಅಂದರೆ ಲೆಪ್ಟೊಸ್ಪೈರೋಸಿಸ್. ಹೆಪಟೈಟಿಸ್ ತಡೆಯಲು ಲಸಿಕೆಯಲ್ಲಿ ಸಾಮಾನ್ಯವಾಗಿ ಬಳಸುವುದು ಅಡಿನೋವೈರಸ್ ಎರಡನೆಯ ಬಗೆಯನ್ನೇ. ಅಂದರೆ ಕೆನಲ್ ಕಾಫ್ ಗುಂಪಿನಲ್ಲಿರುವ ಎರಡು ವೈರಸ್‌ಗಳಿಗೆ ನಿಮ್ಮ ನಾಯಿ ಆಗಲೇ ಒಂದು ಮಟ್ಟಿಗೆ ಲಸಿಕೆ ಪಡೆದಿರಬಹುದು. ಆ ಚೀಟಿಯಲ್ಲಿ ಇಲ್ಲದ್ದು ಬಾರ್ಡಟೆಲ್ಲಾ. ಅದಕ್ಕೆ ಬೇರೆಯದೇ ಲಸಿಕೆ ಬೇಕು, ಕೆನಲ್ ಕಾಫ್ ಲಸಿಕೆ ಅಂತ ಕೇಳುವುದು ಅದನ್ನೇ. "ಎಲ್ಲಾ ಹಾಕ್ಸೀವಲ್ರಿ" ಎನ್ನುವವರ ಕಾರ್ಡಿನಲ್ಲಿ ಬಹಳ ಸಲ ಇದು ಇರುವುದಿಲ್ಲ. ಇರಲೇಬೇಕು ಅಂತಲೂ ನಾನು ಹೇಳುತ್ತಿಲ್ಲ.

ಏಕೆ ಅಂದರೆ, ಜಗತ್ತಿನ ಸಣ್ಣ ಪ್ರಾಣಿಗಳ ಪಶುವೈದ್ಯರ ಒಕ್ಕೂಟ 2024ರಲ್ಲಿ ಹೊರತಂದ ಲಸಿಕೆ ಮಾರ್ಗಸೂಚಿಯಲ್ಲೂ ಡಿಸ್ಟೆಂಪರ್, ಅಡಿನೋ, ಪಾರ್ವೊ ಲಸಿಕೆಗಳು ಪ್ರತಿ ನಾಯಿಗೂ ಬೇಕಾದವು. ನಮ್ಮಂಥ ದೇಶದಲ್ಲಿ ರೇಬಿಸ್ ಕೂಡ ಕಡ್ಡಾಯದ ಸಾಲಿನಲ್ಲಿದೆ. ಬಾರ್ಡಟೆಲ್ಲಾ ಮಾತ್ರ ನಾಯಿಯ ಬದುಕು ನೋಡಿ ತೀರ್ಮಾನಿಸಬೇಕಾದದ್ದು.

ನಾಯಿಯ ಬದುಕು ಅಂದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಚಳ್ಳಕೆರೆ ಕಡೆ ಇದ್ದೆ. ಕುರಿ ಹಟ್ಟಿಗಳಿಗೆ ಹೋಗುತ್ತಿದ್ದೆ. ಅಲ್ಲಿ ಕುರಿಗಾರರ ನಾಯಿಗಳು ಹಗಲು ಕುರಿ ಹಿಂದೆ, ರಾತ್ರಿ ರೊಪ್ಪದ ಪಕ್ಕ, ಬಯಲ ಗಾಳಿಯಲ್ಲಿ. ಆ ವರ್ಷಗಳಲ್ಲಿ ಕೆನಲ್ ಕಾಫ್ ನನಗೆ ಅಲ್ಲಿ ಕಂಡ ನೆನಪಿಲ್ಲ. ಆದರೆ ಒಂದೇ ಸೂಲಿನ ಆರು ಮರಿಗಳು ಪಾರ್ವೊದಲ್ಲಿ ನಾಲ್ಕು ದಿನದೊಳಗೆ ಹೋದದ್ದು ನೋಡಿದ್ದೇನೆ. ಡಿಸ್ಟೆಂಪರ್ ಬಂದು ಫಿಟ್ಸ್ ಹೊಡೆಯುತ್ತಾ ಬಿದ್ದ ನಾಯಿಯ ಪಕ್ಕ ಕುರಿಗಾರ ಕಂಬಳಿ ಹೊದಿಸಿಕೊಂಡು ಕೂತದ್ದು ನೋಡಿದ್ದೇನೆ. "ಇದು ನನ್ ಮನೆ ಮಗ ಇದ್ದಂಗೆ ಸಾರ್, ಏನಾರ ಮಾಡ್ರಿ" ಅಂದ. ಮಾಡಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಆ ನಾಯಿಗೆ ಬೇಕಾಗಿದ್ದದ್ದು ಮರಿಯಿದ್ದಾಗ ಒಂದು ಡಿಸ್ಟೆಂಪರ್ ಲಸಿಕೆ.

ಹಾಗಾಗಿ ಕೈಯಲ್ಲಿರುವ ದುಡ್ಡು ಲೆಕ್ಕದ್ದಾದರೆ ಮೊದಲು ಹಾಕಿಸಬೇಕಾದದ್ದು ಅವೇ. ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಎರಡರಿಂದ ನಾಲ್ಕು ವಾರದ ಅಂತರದಲ್ಲಿ, ಕೊನೆಯ ಡೋಸ್ ಹದಿನಾರು ವಾರ ತುಂಬಿದ ಮೇಲೆ ಬರುವ ಹಾಗೆ. ಮೂರು ತಿಂಗಳಿಗೆ ರೇಬಿಸ್. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ರೇಬಿಸ್ ಲಸಿಕೆ ಉಚಿತವಾಗಿ ಹಾಕುತ್ತಾರೆ. ಇವು ಬಾಕಿಯಿಟ್ಟುಕೊಂಡು ಕೆನಲ್ ಕಾಫ್ ಲಸಿಕೆ ಕೇಳಿಕೊಂಡು ಬಂದರೆ ನಾನು ಹಾಕುವುದಿಲ್ಲ, ಇವನ್ನೇ ಮೊದಲು ಹಾಕುತ್ತೇನೆ.

ಇವೆಲ್ಲ ಆಗಿವೆ ಅಂತ ಇಟ್ಟುಕೊಳ್ಳಿ. ಈಗ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮುಂದಿನ ಒಂದು ವರ್ಷದಲ್ಲಿ ನನ್ನ ನಾಯಿ ಯಾವ ಯಾವ ನಾಯಿಯ ಉಸಿರು ಹಂಚಿಕೊಳ್ಳುತ್ತದೆ? ಕೆಮ್ಮಿದಾಗ ಹಾರುವ ಹನಿಯಿಂದ, ಮೂತಿಗೆ ಮೂತಿ ತಾಗಿಸುವುದರಿಂದ, ಒಂದೇ ನೀರಿನ ಬಟ್ಟಲಿನಿಂದ ಇದು ಹರಡುತ್ತದೆ. ಕುಂದವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ಹಗ್ಗ ಹಿಡಿದು ನಡೆಸುವಾಗ ಎದುರಿಗೆ ಬಂದ ನಾಯಿಯನ್ನು ದಾಟಿ ಹೋಗುವುದು ದೊಡ್ಡ ಅಪಾಯವಲ್ಲ. ಗಾಳಿ ಆಡದ ಒಂದು ಶೆಡ್ಡಿನಲ್ಲಿ ಹದಿನೈದು ನಾಯಿಗಳ ಜೊತೆ ಮೂರು ರಾತ್ರಿ ಕಳೆಯುವುದು ಅಪಾಯ. ಬೋರ್ಡಿಂಗ್, ಡಾಗ್ ಶೋ, ತರಬೇತಿ ಗುಂಪು, ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಗ್ರೂಮಿಂಗ್ ಅಂಗಡಿ, ಮರಿ ಮಾರುವವರ ಗೂಡುಗಳು, ಹೀಗೆ ನಾಯಿಗಳನ್ನು ಒತ್ತೊತ್ತಾಗಿ ಇಡುವ ಜಾಗಗಳಿಗೆ ನಿಮ್ಮ ನಾಯಿ ಹೋಗುವುದಿದ್ದರೆ ಲಸಿಕೆ ಹಾಕಿಸಿ. ಹಿತ್ತಲು, ಅಂಗಳ, ತೋಟ ಇಷ್ಟೇ ಅದರ ಲೋಕವಾಗಿದ್ದರೆ ಬಿಡಬಹುದು.

ಬೀದಿ ನಾಯಿಗಳಿಂದಲೇ ಇದೆಲ್ಲ ಬರುವುದು ಎಂಬ ಮಾತು ಇತ್ತೀಚೆಗೆ ಹೆಚ್ಚು ಕೇಳುತ್ತಿದ್ದೇನೆ. ನಮ್ಮ ಓಣಿಯ ನಾಯಿಗಳು ಬಯಲಿನಲ್ಲಿರುತ್ತವೆ. ಅವುಗಳನ್ನು ಹಿಡಿದು ಇಕ್ಕಟ್ಟಾದ ಜಾಗದಲ್ಲಿ ಕೂಡಿಹಾಕಿದಾಗಲೇ ಕೆಮ್ಮು ಬೆಂಕಿಯ ಹಾಗೆ ಹಬ್ಬುವುದು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಬೀದಿ ನಾಯಿಗಳನ್ನೆಲ್ಲ ಆಶ್ರಯ ತಾಣಗಳಿಗೆ ಸೇರಿಸಲು ಹೇಳಿ, ಅದೇ ತಿಂಗಳು ಆ ಆದೇಶವನ್ನು ಬದಲಿಸಿತಲ್ಲ, ಆಗ ನನಗೆ ಮೊದಲು ಹೊಳೆದದ್ದು ಇದೇ: ಅಷ್ಟು ನಾಯಿಗಳ ಉಸಿರು ಒಂದೇ ಸೂರಿನಡಿ.

ಪ್ರಶ್ನೆ ಒಂದೇ ಅಂದೆ, ಆದರೆ ಅದಕ್ಕೆ ಎರಡನೆಯ ಅರ್ಧವಿದೆ. ಅದನ್ನು ಕಲಿಯಲು ನನಗೆ ಒಂದು ಪೆಟ್ಟು ಬೇಕಾಯಿತು. ವಿದ್ಯಾನಗರದಲ್ಲಿ ನನ್ನ ಅಕ್ಕನ ಮನೆ. ಅವಳ ಹತ್ತಿರ ಎರಡು ನಾಯಿ, ಮೂರು ವರ್ಷದ ಲ್ಯಾಬ್ರಡಾರ್ ರಾಜ, ಹನ್ನೆರಡು ತುಂಬಿದ ಪೊಮೇರಿಯನ್ ಪುಟ್ಟಿ. ಹುಬ್ಬಳ್ಳಿಯಲ್ಲಿ ಮದುವೆ. ಪುಟ್ಟಿ ಪಕ್ಕದ ಮನೆಯವರಿಗೆ ಹೊಂದಿಕೊಂಡಿದ್ದಳು, ಅಲ್ಲೇ ಬಿಡುವುದು ಅಂತಾಯಿತು. ರಾಜನನ್ನು ನಾಲ್ಕು ದಿನ ಬೋರ್ಡಿಂಗ್‌ಗೆ ಬಿಡಬೇಕು. ಅಕ್ಕ ಮೊದಲೇ ಕೇಳಿದಳು, "ಏನೋ, ಆ ಕೆಮ್ಮಿನ ಲಸಿಕೆ ಹಾಕಿಸ್ಲಾ?" ನಾನು, "ರಾಜ ಗಟ್ಟಿ ಇದಾನೆ ಅಕ್ಕ, ಬಂದ್ರೂ ವಾರ ಕೆಮ್ಮಿ ಸರಿಹೋಗ್ತಾನೆ, ಬೇಡ" ಅಂದೆ. ಹೇಳಿದ ಹಾಗೇ ಆಯಿತು. ರಾಜ ಬಂದ ಐದನೆಯ ದಿನ ಕೆಮ್ಮು ಶುರುವಾಗಿ ಹತ್ತು ದಿನಕ್ಕೆ ವಾಸಿಯಾದ. ಅಷ್ಟರೊಳಗೆ ಅದು ಪುಟ್ಟಿಗೆ ದಾಟಿತ್ತು. ಅವಳಿಗೆ ನ್ಯುಮೋನಿಯಾ ಆಯಿತು. ಒಂಬತ್ತು ದಿನ ಡ್ರಿಪ್ಸ್, ಆ್ಯಂಟಿಬಯಾಟಿಕ್, ನೆಬುಲೈಸರ್ ಎಲ್ಲ ಮಾಡಿದೆ. ಉಳಿಯಲಿಲ್ಲ.

ರಾಜನಿಗೆ ಲಸಿಕೆ ಹಾಕಿದ್ದರೆ ಪುಟ್ಟಿ ಬದುಕುತ್ತಿದ್ದಳು ಎಂದು ಆಣೆ ಮಾಡಿ ಹೇಳಲಾರೆ. ಆದರೆ ಅವತ್ತು ನಾನು ರಾಜನ ಬಗ್ಗೆ ಮಾತ್ರ ಯೋಚಿಸಿದೆ, ಅವನು ತಿರುಗಿ ಬರುವುದು ಯಾವ ಮನೆಗೆ ಎಂದು ಕೇಳಿಕೊಳ್ಳಲಿಲ್ಲ. ಅಂದಿನಿಂದ ಯಾರೇ ಬಂದರೂ ನಾನು ಮೊದಲು ಕೇಳುವುದು, ಮನೆಯಲ್ಲಿ ಇನ್ಯಾರಿದ್ದಾರೆ? ಮುದಿ ನಾಯಿ, ಹಾಲು ಕುಡಿಯುವ ಮರಿ, ಗಬ್ಬದ ನಾಯಿ, ಹೃದಯದ ಕಾಯಿಲೆಯ ನಾಯಿ ಇದೆಯಾ? ಬೆಕ್ಕಿದೆಯಾ? ಬಾರ್ಡಟೆಲ್ಲಾ ಬೆಕ್ಕಿಗೂ ತಗಲುತ್ತದೆ. ವಾಸಿಯಾದ ಮೇಲೂ ಕೆಲವು ನಾಯಿಗಳು ವಾರಗಟ್ಟಲೆ, ಒಮ್ಮೊಮ್ಮೆ ಎರಡು ಮೂರು ತಿಂಗಳು ಅದನ್ನು ಹೊರಬಿಡುತ್ತಲೇ ಇರುತ್ತವೆ.

ಇಲ್ಲಿ ಮನುಷ್ಯರ ವಿಷಯವೂ ಬರುತ್ತದೆ. ಲಸಿಕೆಯಲ್ಲಿ ಎರಡು ಮುಖ್ಯ ಬಗೆ. ಒಂದು ಮೂಗಿಗೆ ಬಿಡುವ ಹನಿ, ಇನ್ನೊಂದು ಚರ್ಮದಡಿ ಹಾಕುವ ಚುಚ್ಚುಮದ್ದು. ಬಾಯಿಗೆ ಬಿಡುವುದೂ ಕೆಲವು ದೇಶಗಳಲ್ಲಿ ಬಳಕೆಯಲ್ಲಿದೆ. ಮೂಗಿನ ಹನಿಯಲ್ಲಿರುವುದು ಬಲ ಕುಂದಿಸಿದ ಜೀವಂತ ಬ್ಯಾಕ್ಟೀರಿಯಾ. ರೋಗ ಬರುವ ಬಾಗಿಲಲ್ಲೇ ಕಾವಲು ಕೂರಿಸಿದ ಹಾಗೆ ಅದು ಕೆಲಸ ಮಾಡುತ್ತದೆ, ಒಂದೇ ಡೋಸ್ ಸಾಕು, ಬಾರ್ಡಟೆಲ್ಲಾ ವಿರುದ್ಧ ಮೂರು ದಿನದಲ್ಲೇ ರಕ್ಷಣೆ ಶುರುವಾಗುತ್ತದೆ. ನನ್ನ ಆಯ್ಕೆ ಸಾಮಾನ್ಯವಾಗಿ ಇದೇ. ಹಾಕಿದ ಮೇಲೆ ಕೆಲವು ದಿನ ಸೀನು, ಮೂಗು ಸೋರುವುದು, ಚೂರು ಕೆಮ್ಮು ಇರಬಹುದು. ಆದರೆ ಆ ಜೀವಂತ ಬ್ಯಾಕ್ಟೀರಿಯಾ ನಾಯಿಯ ಮೂಗಿನಿಂದ ಕೆಲವು ವಾರ ಹೊರಬರುತ್ತಿರುತ್ತದೆ. ಮನೆಯಲ್ಲಿ ಕ್ಯಾನ್ಸರ್‌ಗೆ ಕೀಮೋ ತಗೊಳ್ಳುತ್ತಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು ಇದ್ದರೆ ದಯವಿಟ್ಟು ಮೊದಲೇ ಹೇಳಿ. ಆಗ ಚುಚ್ಚುಮದ್ದೇ ಒಳ್ಳೆಯದು. ಮೂಗಿನ ಹನಿಯ ಮದ್ದನ್ನು ಯಾವ ಕಾರಣಕ್ಕೂ ಸೂಜಿಯಲ್ಲಿ ಚುಚ್ಚಬಾರದು. ಚುಚ್ಚಿದ ಜಾಗ ಕೀವುಗಟ್ಟುತ್ತದೆ, ಯಕೃತ್ತಿಗೇ ಪೆಟ್ಟು ಬಿದ್ದ ಉದಾಹರಣೆಗಳಿವೆ. ಮನೆಯಲ್ಲಿ ತಾವೇ ಹಾಕಿಕೊಳ್ಳುತ್ತೇವೆ ಅನ್ನುವವರಿಗೆ ನಾನು ಇದನ್ನೇ ಹೇಳಿ ತಡೆಯುವುದು. ಹನಿ ಹಾಕುವ ಹೊತ್ತಿಗೆ ನಾಯಿ ಆ್ಯಂಟಿಬಯಾಟಿಕ್ ಮೇಲಿದ್ದರೆ ಅದು ಲಸಿಕೆಯ ಬ್ಯಾಕ್ಟೀರಿಯಾವನ್ನೇ ಕೊಂದುಬಿಡಬಹುದು, ಅದನ್ನೂ ಹೇಳಿ.

ಚುಚ್ಚುಮದ್ದಾದರೆ ಮೊದಲ ಸಲಕ್ಕೆ ಎರಡು ಡೋಸ್ ಬೇಕು, ನಡುವೆ ಎರಡರಿಂದ ನಾಲ್ಕು ವಾರ. ಎರಡನೆಯ ಡೋಸ್ ಹಾಕಿಸಿ ಒಂದು ವಾರವಾದರೂ ಕಳೆಯದೆ ಅದನ್ನು ನಂಬಬೇಡಿ. ಯಾವುದೇ ಆದರೂ ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು. ಬೋರ್ಡಿಂಗ್‌ಗೆ ಬಿಡುವ ದಿನ ಬೆಳಿಗ್ಗೆ ಓಡಿಬಂದು ಲಸಿಕೆ ಕೇಳುವವರು ಪ್ರತಿ ದಸರಾ, ದೀಪಾವಳಿಗೆ ಇದ್ದೇ ಇರುತ್ತಾರೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಬಂತು? ಚುಚ್ಚುಮದ್ದಿಗೆ ಐದಾರು ವಾರ ಮೊದಲು, ಮೂಗಿನ ಹನಿಗೆ ಎರಡು ಮೂರು ವಾರ ಮೊದಲು ಬನ್ನಿ. ನಮ್ಮೂರಲ್ಲಿ ಇದು ಎಲ್ಲ ಕಡೆ ಫ್ರಿಜ್‌ನಲ್ಲಿ ಸದಾ ಇರುವ ಲಸಿಕೆಯಲ್ಲ, ಮೊದಲೇ ಹೇಳಿ ತರಿಸಬೇಕಾಗಬಹುದು. ಎರಡರಿಂದ ಎಂಟು ಡಿಗ್ರಿ ತಂಪಿನಲ್ಲೇ ಇರಬೇಕು. ಕರೆಂಟ್ ಹೋದಾಗ ಏನು ಮಾಡ್ತೀರಿ ಎಂದು ಹಾಕುವವರನ್ನು ಕೇಳಿ. ನನ್ನನ್ನೂ ಕೇಳಿ, ನನಗೆ ಬೇಜಾರಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬರು ಕೈ ಎತ್ತಿದ್ದಾರೆ. "ಹೋದ ವರ್ಷ ಲಸಿಕೆ ಹಾಕ್ಸಿದ್ರೂ ಕೆಮ್ಮು ಬಂತಲ್ರೀ, ಮತ್ಯಾಕೆ ಹಾಕಿಸ್ಬೇಕು?" ನ್ಯಾಯವಾದ ಪ್ರಶ್ನೆ. ನಿಮ್ಮದು ಮೆಕ್ಕೆಜೋಳದ ಹೊಲ ಅಂತಿಟ್ಟುಕೊಳ್ಳಿ. ಹಂದಿ ಬರುವ ಕಡೆಗೆ ಬೇಲಿ ಹಾಕಿದ್ದೀರಿ. ಇನ್ನೊಂದು ಕಡೆಯಿಂದ ದನ ನುಗ್ಗಿ ನಾಲ್ಕು ಸಾಲು ಮೇಯ್ದರೆ ಬೇಲಿ ಸುಳ್ಳಾಗುವುದಿಲ್ಲ. ಮೊದಲೇ ಹೇಳಿದೆನಲ್ಲ, ಇದು ಗುಂಪಾಗಿ ಬರುವ ಕಾಯಿಲೆ, ಅದರಲ್ಲಿ ಮೈಕೊಪ್ಲಾಸ್ಮಾಕ್ಕೆ ಲಸಿಕೆಯೇ ಇಲ್ಲ. ಬಾರ್ಡಟೆಲ್ಲಾ ಕೂಡ ಲಸಿಕೆ ಪಡೆದ ನಾಯಿಗೆ ಬರಬಹುದು, ಬಂದರೆ ಹಗುರಾಗಿ ಬಂದು ಬೇಗ ಹೋಗುವ ಸಂಭವ ಹೆಚ್ಚು. ನಿಮ್ಮ ನಾಯಿ ಎಷ್ಟು ದಿನ ಕೆಮ್ಮಿತು? ಐದು ದಿನವಾ? ನ್ಯುಮೋನಿಯಾ ಆಗಲಿಲ್ಲ ತಾನೆ? ಹಾಗಾದರೆ ಬೋರ್ಡಿಂಗ್‌ಗೆ ಬಿಡುವುದಿದ್ದರೆ ಈ ಸಲವೂ ಹಾಕಿಸಿ ಅನ್ನುತ್ತೇನೆ.

ಬೋರ್ಡಿಂಗ್ ನಡೆಸುವವರೂ ಇಲ್ಲಿದ್ದೀರಿ. ಬರೀ ಲಸಿಕೆ ಕಾರ್ಡ್ ಕೇಳಿದರೆ ನಿಮ್ಮ ಕೆಲಸ ಮುಗಿಯುವುದಿಲ್ಲ. ಎದುರುಬದುರು ಕಿಟಕಿ ಇರಲಿ, ಒಬ್ಬೊಬ್ಬರಿಗೆ ಬೇರೆ ಬೇರೆ ಬಟ್ಟಲಿರಲಿ, ಕೆಮ್ಮುವ ನಾಯಿಯನ್ನು ಬೇರೆ ಕೋಣೆಗೆ ಕಳಿಸಿ, ಅದನ್ನು ನೋಡಿಕೊಳ್ಳುವವರು ಕೈ ತೊಳೆದು ಅಂಗಿ ಬದಲಿಸಿಯೇ ಉಳಿದವುಗಳ ಹತ್ತಿರ ಹೋಗಲಿ. ಕೆಮ್ಮು ಕಂಡ ದಿನವೇ ನಾಯಿಯ ಮನೆಯವರಿಗೆ ಫೋನು ಮಾಡಿ. ವ್ಯಾಪಾರ ಕೆಡುತ್ತದೆ ಎಂದು ಮುಚ್ಚಿಟ್ಟರೆ ಆ ಕೆಮ್ಮು ಹತ್ತು ಮನೆಗೆ ಹೋಗುತ್ತದೆ.

ಆಗಲೇ ಕೆಮ್ಮು ಬಂದಿದ್ದರೆ ಲಸಿಕೆಯಿಂದ ಉಪಯೋಗವಿಲ್ಲ. ಎರಡು ಮೂರು ವಾರ ಬೇರೆ ನಾಯಿಗಳಿಂದ ದೂರವಿಡಿ. ಕೊರಳಪಟ್ಟಿ ಬಿಚ್ಚಿ ಎದೆಗೆ ಹಾಕುವ ಪಟ್ಟಿ ಹಾಕಿ. ಓಡಿಸಬೇಡಿ. ಅಡುಗೆಮನೆ ಒಗ್ಗರಣೆ ಘಾಟು, ಊದುಬತ್ತಿ ಹೊಗೆ ತಾಗದ ಕಡೆ ಮಲಗಿಸಿ. ಮಕ್ಕಳ ಕೆಮ್ಮಿನ ಸಿರಪ್ ಇದೆ ಅಂತ ಕುಡಿಸಬೇಡಿ, ಅದರಲ್ಲಿರುವ ಕೆಲವು ಔಷಧಿ ನಾಯಿಗೆ ವಿಷ. ಊಟ ಬಿಟ್ಟರೆ, ಜ್ವರ ಬಂದರೆ, ಹೊಟ್ಟೆ ಎಳೆದು ಎಳೆದು ಉಸಿರಾಡಿದರೆ ಬೆಳಗಾಗುವವರೆಗೆ ಕಾಯಬೇಡಿ.

ಕಾರ್ಡ್ ತಂದವರು ಒಬ್ಬೊಬ್ಬರಾಗಿ ಮೇಜಿನ ಹತ್ತಿರ ಬನ್ನಿ. ಹಬ್ಬಕ್ಕೆ ಎಲ್ಲಿಗೆ ಹೋಗುತ್ತೀರಿ, ನಾಯಿಯನ್ನು ಎಲ್ಲಿ ಬಿಡುತ್ತೀರಿ, ಮನೆಯಲ್ಲಿ ಇನ್ಯಾರಿದ್ದಾರೆ ಎಂದು ಹೇಳಿ. ಮರಿ ತಂದಿರುವ ಆ ಅಮ್ಮನವರು ಮೊದಲು ಬರಲಿ.